ಆರ್ಡಿಸ್ ಕೊಡುವ ಊಟದ ಪರೀಕ್ಷೆ

ಟ್ಯಾಮರಾಕ್ ತಾಂತ್ರಿಕ ಕಾಲೇಜಿಗೆ ವೆಲ್ಡಿಂಗ್ ಕಲಿಯಲು ಬರುವ ಹುಡುಗರಿಗೆ ಮೊದಲ ವಾರವೇ ಒಂದು ಸಂಕಟ ಕಾದಿರುತ್ತಿತ್ತು. ಕಬ್ಬಿಣ, ಕಿಡಿ, ಬೆವರು ಎಂದುಕೊಂಡು ಬಂದವರ ವೇಳಾಪಟ್ಟಿಯಲ್ಲಿ 'ಸಮಾಜ ಮತ್ತು ವೈವಿಧ್ಯ' ಎಂಬ ಪಾಠವೊಂದು ತಣ್ಣಗೆ ಕೂತಿರುತ್ತಿತ್ತು. ಅದನ್ನು ಪಾಸು ಮಾಡದೆ ಡಿಪ್ಲೊಮಾ ಇಲ್ಲ. ಹುಡುಗರು ಅದಕ್ಕೆ 'ಒಳ್ಳೇ ಮಕ್ಕಳ ಕ್ಲಾಸು' ಎಂದು ಹೆಸರಿಟ್ಟಿದ್ದರು. ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಮಾಡಲು ಅದಕ್ಕಿಂತ ಪ್ರಶಸ್ತವಾದ ಜಾಗ ಇಡೀ ಮಿನೆಸೋಟ ರಾಜ್ಯದಲ್ಲಿ ಇರಲಿಲ್ಲವಂತೆ.

ಈ ಪಾಠ ಹೇಳುತ್ತಿದ್ದವಳು ಆರ್ಡಿಸ್ ಟೊರ್ಗರ್ಸನ್. ಹಸು ಸಾಕುವವರ ಮನೆಯಲ್ಲಿ ಹುಟ್ಟಿ, ನಸುಕಿನಲ್ಲೆದ್ದು ಹಾಲು ಕರೆದು, ಅದೇ ಬೂಟಿನಲ್ಲಿ ಶಾಲೆಗೆ ಹೋದವಳು. ಎತ್ತರದ ಆಳು, ಕೊಟ್ಟಿಗೆಯ ಆ ತುದಿಗೂ ಕೇಳುವ ಗಂಟಲು. ಮೊದಮೊದಲು ಅವಳೂ ಎಲ್ಲರಂತೆ ಗೋಡೆಯ ಮೇಲೆ ಚಿತ್ರ ತೂಗುಹಾಕಿ, 'ಗೌರವ', 'ಸಹನೆ' ಎಂದು ದೊಡ್ಡ ದೊಡ್ಡ ಮಾತು ಹೇಳುತ್ತಿದ್ದಳು. ಹುಡುಗರು ಪರೀಕ್ಷೆಯಲ್ಲಿ ಅದೇ ಮಾತುಗಳನ್ನು ವಾಪಸು ಕೊಟ್ಟು ಹೋಗುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನಬಹುದಿತ್ತು, ಆದರೆ ತಪ್ಪು ಕೋಣನದಲ್ಲ, ಕಿನ್ನರಿಯದು ಎಂಬುದು ಆರ್ಡಿಸಳ ಗುಮಾನಿ.

ಆ ಗುಮಾನಿ ನಿಜವಾದದ್ದು ಅವಳ ಗಂಡ ಆರಿನ್ ತೀರಿಕೊಂಡಾಗ. ಚರ್ಚಿನವರು, ನೆಂಟರು, ಎಲ್ಲರೂ ಮುಚ್ಚಿದ ಪಾತ್ರೆಗಳಲ್ಲಿ ಅಡುಗೆ ತಂದಿಟ್ಟು, ಹವಾಮಾನದ ಮಾತಾಡಿ ಹೋದರು. ಎಲ್ಲರೂ ಹೋದ ಮೇಲೆ ಎದುರು ಮನೆಯ ಹಲೀಮೋ ಬಂದಳು. ಸೋಮಾಲಿಯಾದಿಂದ ಬಂದು ಆ ಬೀದಿಯಲ್ಲಿ ನೆಲೆಸಿ ಬಹಳ ಕಾಲವಾಗಿತ್ತು, ಆದರೆ ಇಬ್ಬರ ನಡುವೆ ಹೋಗಿಬಂದದ್ದು ದೂರದಿಂದ ಕೈ ಬೀಸುವುದೊಂದೇ. ಹಲೀಮೋ ಒಂದು ತಪ್ಪಲೆ ಅನ್ನ ಇಟ್ಟಳು. ಹೇಳದೆ ಕೇಳದೆ ತೋಳೇರಿಸಿ ಸಿಂಕಿನಲ್ಲಿದ್ದ ಪಾತ್ರೆಯನ್ನೆಲ್ಲ ತೊಳೆದಳು. ಆಮೇಲೆ ಎದುರಿಗೆ ಕೂತು, "ತಿನ್ನು ತಾಯಿ. ಅಳೋದಕ್ಕೂ ಶಕ್ತಿ ಬೇಕು" ಎಂದಳು. ಆರ್ಡಿಸ್ ತಿಂದಳು, ಅತ್ತಳು. ಮುಂದಿನ ವರ್ಷ ಗೋಡೆಯ ಚಿತ್ರಗಳನ್ನೆಲ್ಲ ತೆಗೆದೆಸೆದಳು.

ಅವಳು ತಂದ ಹೊಸ ಪರೀಕ್ಷೆ ಹೀಗಿತ್ತು. ನಿನ್ನಂತೆ ಬದುಕದ, ನಿನ್ನನ್ನು ಅರಿಯದ ಒಂದು ಮನೆಗೆ ಹೋಗು. ಮನೆ ಹುಡುಕಿ ಕೊಡುವುದು ನನ್ನ ಕೆಲಸ. ಅಲ್ಲಿ ಒಂದು ಕೆಲಸ ಕೇಳಿ ಮಾಡು, ಬಡಿಸಿದ್ದನ್ನು ಉಣ್ಣು. ಆಮೇಲೆ ಅವರನ್ನು ನಿನ್ನ ಮನೆಗೆ ಕರೆದು ನೀನು ಬಡಿಸು. ಬರೆಯುವುದೇನೂ ಇಲ್ಲ. ಮೊದಲರ್ಧವನ್ನು ಹುಡುಗರು ಹಲ್ಲು ಕಿರಿಯುತ್ತಲೇ ಮುಗಿಸುತ್ತಿದ್ದರು. ಎರಡನೆಯ ಅರ್ಧಕ್ಕೆ ಬಂದಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಹೋಗಿ ಉಣ್ಣೋದು ಸುಲಭ ಕಣ್ರೋ, ಕರೆದು ಬಡಿಸೋದು ಕಷ್ಟ" ಎಂಬುದು ಅವಳ ಮಾತು.

ಆ ವರ್ಷ ಸಿಕ್ಕಿಕೊಂಡವನು ಬ್ರಾಕ್ ನಿಗಾರ್ಡ್. ತರಗತಿಯಲ್ಲೇ ಒಳ್ಳೆಯ ಕೈ ಅವನದು, ಅವನು ಹಾಕಿದ ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಗಾಳಿಯಂತ್ರದ ಕಂಬ ಕಟ್ಟುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಕಾದಿತ್ತು, ಡಿಪ್ಲೊಮಾ ತಂದು ತೋರಿಸುವುದೊಂದೇ ಬಾಕಿ. ಆದರೆ ಅವನ ಅಪ್ಪ ವರ್ಲಿನ್ ಊರಿನ ಟರ್ಕಿಕೋಳಿ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಸೋಮಾಲಿಗಳು ಬಂದದ್ದರಿಂದಲೇ ತನ್ನ ಅನ್ನ ಹೋಯಿತೆಂದು ಅವನು ನಂಬಿದ್ದ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಅಪ್ಪ, ಮಗ ಮತ್ತು ಈ ನಂಬಿಕೆ, ಮೂವರೇ. ಮತ್ತೆ ಆರ್ಡಿಸ್ ಬ್ರಾಕ್‌ನನ್ನು ಕಳಿಸಿದ್ದು ಎಲ್ಲಿಗೆ? ಹಲೀಮೋ ಮನೆಗೆ.

ಬ್ರಾಕ್ ತಿಂಗಳುಗಟ್ಟಲೆ ಹೋಗಲೇ ಇಲ್ಲ. ಅಂಕ ಕೊಡುವ ದಿನ ಹತ್ತಿರ ಬಂದಾಗ ವೆಲ್ಡಿಂಗ್ ಮೇಷ್ಟ್ರು ಡ್ವೇನ್ ಪ್ರೊಹಾಸ್ಕ, ಸುಟ್ಟ ತೂತುಗಳ ಅಂಗಿಯಲ್ಲೇ ಆರ್ಡಿಸಳ ಕೋಣೆಗೆ ನುಗ್ಗಿದ.

"ಆರ್ಡಿಸ್, ಆ ಹುಡುಗನ್ನ ಪಾಸ್ ಮಾಡಿಬಿಡೆ. ಅವನ ಕೈ ನೋಡಿದೀಯಾ? ಚಿನ್ನ."

"ಕೈಗೆ ನೀನು ಅಂಕ ಕೊಡು. ಮಿಕ್ಕಿದ್ದಕ್ಕೆ ನಾನು ಕೊಡ್ತೀನಿ."

"ಅನ್ನ ತಿಂದಿಲ್ಲ ಅಂತ ಒಬ್ಬ ವೆಲ್ಡರ್‌ನ ಫೇಲ್ ಮಾಡಿದ ಕಾಲೇಜು ಅಂತ ಜನ ಆಡ್ಕೊಂಡು ನಗ್ತಾರೆ."

"ನಗಲಿ. ಈ ಊರಲ್ಲಿ ಚಳಿಗಾಲದಲ್ಲಿ ನಗೋಕೆ ಬೇರೇನಿದೆ?"

ಡ್ವೇನ್ ನಗಲಿಲ್ಲ. "ಅವನು ಫೇಲಾದ್ರೆ ನಾನು ಡೀನ್ ಹತ್ರ ಹೋಗ್ತೀನಿ. ಈ ಪಾಠನ ಕಂಪ್ಯೂಟರಿಗೆ ಹಾಕ್ಸಿಬಿಡ್ತೀನಿ. ಮಧ್ಯಾಹ್ನ ಕೂತು ಗುಂಡಿ ಒತ್ತಿದ್ರೆ ಸಂಜೆಗೆ ಎಲ್ಲಾ ಒಳ್ಳೇ ಮಕ್ಕಳಾಗಿರ್ತಾರೆ. ಡೀನ್‌ಗೂ ಅದೇ ಬೇಕಾಗಿದೆ, ನಿಂಗೆ ಗೊತ್ತು."

ಅವಳಿಗೆ ಗೊತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟಮಾರಿ ಎಂದು ಊರೆಲ್ಲ ಅವಳನ್ನು ಕರೆಯುತ್ತಿತ್ತು, ಅದೂ ಗೊತ್ತಿತ್ತು. ಆದರೆ ಈ ಸಲ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಪಾಠ ಹೋದರೆ ಹೋಗಲಿ, ತನ್ನ ಹಟಕ್ಕೆ ಒಬ್ಬ ಹುಡುಗನ ಕೆಲಸ ಹೋದರೆ? ಆ ವಾರ ಎರಡು ಸಲ ಪಾಸು ಮಾಡಿಬಿಡೋಣ ಎಂದುಕೊಂಡಳು. ಎರಡು ಸಲವೂ ಸಿಂಕಿನ ಮುಂದೆ ತೋಳೇರಿಸಿ ನಿಂತ ಹಲೀಮೋ ಕಣ್ಣಿಗೆ ಕಟ್ಟಿ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಬ್ರಾಕ್ ಹೊಟ್ಟೆ ಹಿಡಿದುಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ.

"ಹೋಗಿದ್ದೆ," ಎಂದ.

"ಏನು ಕೆಲಸ ಕೊಟ್ರು?"

"ಸಂಬೂಸ ಮಡಚೋದು, ಮಾಂಸ ತುಂಬಿ ಕರೀತಾರಲ್ಲ, ಅದು. ಮೂರು ಮೂಲೆ ಬರಬೇಕು. ನಾನು ಮಡಚಿದ್ದು ನೋಡಿ, ಇಷ್ಟು ಗಟ್ಟಿ ಇದೆಯಲ್ಲ, ಇದನ್ನ ತಿನ್ನೋದಾ, ಸೇತುವೆ ಕಟ್ಟೋಕೆ ಹಾಕೋದಾ ಅಂದ್ರು."

"ಊಟ?"

"ಅದನ್ನ ಮಾತ್ರ ಕೇಳಬೇಡಿ. ಅನ್ನ, ಮೇಕೆ ಮಾಂಸ, ಪಕ್ಕದಲ್ಲಿ ಒಂದು ಬಾಳೆಹಣ್ಣು. ಹಣ್ಣು ಕೊನೇಗಲ್ವಾ ಅಂತ ಆಚೆ ಸರಿಸಿ ಇಟ್ಟೆ. ತಟ್ಟೇಲಿ ಏನೂ ಬಿಡಬಾರದು ಅಂತ ಅಜ್ಜಿ ಹೇಳಿಕೊಟ್ಟಿದಾಳೆ, ಪೂರ್ತಿ ತಿಂದೆ. ಮತ್ತೆ ಬಡಿಸಿದ್ರು. ಅದನ್ನೂ ತಿಂದೆ. ಮತ್ತೆ ಬಡಿಸಿದ್ರು! ಸಾಯ್ತೀನಿ ಅನ್ಕೊಂಡೆ. ಕೊನೆಗೆ ಅವರ ಯಜಮಾನ್ರು ಅಬ್ದಿರಿಸಾಕ್ ಕೇಳಿದ್ರು, ಹಣ್ಣು ಹಾಗೇ ಇದೆಯಲ್ಲ, ಎಷ್ಟು ಹೊತ್ತು ಉಣ್ತೀಯಪ್ಪಾ ಅಂತ. ಅದನ್ನ ಅನ್ನದ ಜೊತೆಗೇ ಕಚ್ಕೋಬೇಕಂತೆ. ಹಣ್ಣು ಮುಗಿದಿಲ್ಲ, ತಟ್ಟೆ ಬೇರೆ ಖಾಲಿ ಮಾಡ್ತಾನೆ, ಹುಡುಗನಿಗೆ ಇನ್ನೂ ಹಸಿವು ಅಂತ ಅವರು ಬಡಿಸ್ತಾನೇ ಇದ್ರು."

ಆರ್ಡಿಸ್ ಮೇಜಿಗೆ ತಲೆಯಿಟ್ಟು ನಕ್ಕಳು. ನಕ್ಕು ಕಣ್ಣೊರೆಸಿಕೊಂಡಾಗ ಹುಡುಗ ನಗುತ್ತಿರಲಿಲ್ಲ.

"ಅವರನ್ನ ಮನೆಗೆ ಕರೀಬೇಕಲ್ಲ," ಎಂದ. "ಅಪ್ಪ ಒಪ್ಪಲ್ಲ."

"ಅಪ್ಪಂಗೆ ಹೇಳಿದೀಯಾ?"

"ಬಾಳೆಹಣ್ಣಿನ ಕತೆ ಹೇಳಿದೆ. ಕೇಳಿಸಿಕೊಂಡು ಸುಮ್ನೆ ಟಿವಿ ಜೋರು ಮಾಡಿದ್ರು."

"ಸೋಮವಾರ ಅಂಕ ಕೊಡಬೇಕು ಬ್ರಾಕ್. ಅಪ್ಪನ್ನ ಒಪ್ಪಿಸೋದು ನನ್ನ ಪಾಠದಲ್ಲಿಲ್ಲ. ಆದ್ರೆ ಮನೆ ನಿಂದೂ ಹೌದಲ್ವಾ?" ಎಂದಳು. ಹೇಳಿದ ಮೇಲೆ ಆ ಮಾತು ಅವಳ ಗಂಟಲಿನ ಬಿಸಿತುಪ್ಪವಾಯಿತು.

ಶುಕ್ರವಾರ ಅವನು ಮತ್ತೆ ಬಂದ. "ನಾಳೆ ಮಧ್ಯಾಹ್ನ. ನೀವೂ ಬನ್ನಿ. ಅಪ್ಪ ಬಾಯಿ ಬಿಟ್ಟು ಹೂಂ ಅನ್ಲಿಲ್ಲ. ಆದ್ರೆ ಫ್ರೀಜರಿಂದ ಮೀನು ಆಚೆ ತೆಗೆದಿಟ್ಟಿದಾರೆ."

ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ. ಹಿಮಗಟ್ಟಿದ ಕೆರೆಯಲ್ಲಿ ತೂತು ಕೊರೆದು ದಿನವಿಡೀ ಕಾದು ಹಿಡಿದ ವಾಲೈ ಮೀನನ್ನು ಬೇಡದವರಿಗೆ ಯಾರೂ ಬಡಿಸುವುದಿಲ್ಲ.

ಶನಿವಾರ ಆರ್ಡಿಸ್ ನಿಂಬೆಯ ಬಾರ್ ಮಾಡಿಕೊಂಡು ಹೋದಳು. ಅಗಲ ತಟ್ಟೆಯಲ್ಲಿ ಬೇಯಿಸಿ ಚೌಕ ಚೌಕ ಕತ್ತರಿಸುವ ಈ ಸಿಹಿಯಿಲ್ಲದೆ ಅಲ್ಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ದೊಡ್ಡ ಬಾಣಲೆಯ ಮುಂದೆ ಡ್ವೇನ್! ಅವನೂ ವರ್ಲಿನ್ನೂ ಹಿಮಗಟ್ಟಿದ ಕೆರೆಯ ಮೇಲೆ ಒಂದೇ ಗುಡಿಸಲಲ್ಲಿ ಕೂತು ಮೀನು ಹಿಡಿಯುವ ಗೆಳೆಯರು, ಮೀನು ಕರಿಯುವುದರಲ್ಲಿ ಊರಿಗೇ ಅವನು ಎತ್ತಿದ ಕೈ. ವರ್ಲಿನ್ ಬಾಗಿಲಲ್ಲಿ ನಿಂತು ಹಲೀಮೋ, ಅಬ್ದಿರಿಸಾಕರಿಗೆ ತಲೆಯಾಡಿಸಿದ, ಚಳಿ ಇನ್ನೂ ಬಿಟ್ಟಿಲ್ಲ ಎಂದ, ಹೌದು ಇನ್ನೂ ಬಿಟ್ಟಿಲ್ಲ ಎಂದು ಅವರೂ ಒಪ್ಪಿದರು. ಆಮೇಲೆ ಮಾತು ನಿಂತುಹೋಯಿತು.

ಮೌನ ತಡೆಯಲಾರದವನು ಡ್ವೇನ್. ಹೊಂಬಣ್ಣಕ್ಕೆ ಉಬ್ಬಿದ ಮೀನನ್ನು ತಟ್ಟೆಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟ. "ಹಂದಿ ಇಲ್ಲ, ಹಂದಿ ಕೊಬ್ಬೂ ಇಲ್ಲ. ಬ್ರಾಕ್ ಮೊದಲೇ ಹೇಳಿದ್ದ. ಹೊಸ ಎಣ್ಣೆ, ಹೊಸ ಬಾಣಲೆ. ತಿಂದು ನೋಡಿ, ಈ ಗರಿಗರಿ ನಿಮಗೆ ಬೇರೆಲ್ಲೂ ಸಿಗಲ್ಲ. ಗುಟ್ಟೇನು ಹೇಳಿ? ಹಿಟ್ಟು ಕಲಸಿರೋದು ಬಿಯರಲ್ಲಿ!"

ಹಲೀಮೋಳ ಕೈ ತಟ್ಟೆಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಅಬ್ದಿರಿಸಾಕ್ ನೆಲ ನೋಡಿದ. ತಲೆತಲಾಂತರದಿಂದ ಮೀನಿನ ಹಿಟ್ಟಿಗೆ ಬಿಯರು ಸುರಿದು ಬಂದ ಜನ, ಅದು ಅವರಿಗೆ ಉಪ್ಪು, ನೀರಿನ ಹಾಗೆ. ಅದೂ ಒಂದು ಮದ್ಯ ಎಂದು ಯಾರಿಗೂ ಹೊಳೆದೇ ಇರಲಿಲ್ಲ. ಆರ್ಡಿಸಳಿಗೆ ಎದ್ದು ನಿಂತು ಏನಾದರೂ ಹೇಳಿಬಿಡಬೇಕೆನಿಸಿತು. ಆದರೆ ತಾನು ಬಾಯಿ ಹಾಕಿದರೆ ಇದು ತನ್ನ ಪಾಠವಾಗುತ್ತದೆ, ಅವರ ಊಟವಾಗಿ ಉಳಿಯುವುದಿಲ್ಲ. ತೊಡೆಯ ಕೆಳಗೆ ಕೈಯಿಟ್ಟುಕೊಂಡು ಕೂತಳು.

"ಮದ್ಯ ನಾವು ಮುಟ್ಟಲ್ಲ," ಎಂದಳು ಹಲೀಮೋ ಮೆಲ್ಲಗೆ. "ಪರವಾಗಿಲ್ಲ ಅಪ್ಪಾ. ನಾವು ಸಿಹಿ ತಿಂತೀವಿ."

ವರ್ಲಿನ್ ತಟ್ಟೆಯನ್ನು ನೋಡಿದ, ಮಗನನ್ನು ನೋಡಿದ. ಅವನು ಈಗ ಏನು ಬೇಕಾದರೂ ಹೇಳಬಹುದಿತ್ತು. ನನ್ನ ಮನೆ, ನನ್ನ ಮೀನು ಎನ್ನಬಹುದಿತ್ತು.

"ಡ್ವೇನ್," ಎಂದ. "ಆ ಎಣ್ಣೆ ಚೆಲ್ಲು."

"ಎಲ್ಲಾನಾ?"

"ಎಲ್ಲಾ. ಬಾಣಲೆ ಉಜ್ಜಿ ತೊಳಿ. ನಮ್ಮಮ್ಮ ಉಪ್ಪು ಬಿಸ್ಕತ್ತಿನ ಪುಡೀಲಿ ಹೊರಳಿಸಿ ಕರೀತಿದ್ಳು, ಹಾಗೆ ಮಾಡೋಣ. ಮೀನಿಗೇನು ಬರ ಇಲ್ಲ."

ಹಲೀಮೋ ತೋಳೇರಿಸಿಕೊಂಡು ಎದ್ದಳು. "ಬಾಣಲೆ ನಾನು ತೊಳೀತೀನಿ ಕೊಡಿ. ಇವರು ತೊಳೆದ್ರೆ ಸಂಜೆಯಾಗತ್ತೆ." ಡ್ವೇನ್ ಬೇಡ ಎಂದ, ಅವಳು ಕೇಳಲಿಲ್ಲ, ಕೊನೆಗೆ ಊರ ಹೆಸರಾಂತ ಬಾಣಸಿಗ ಒರೆಸುವ ಬಟ್ಟೆ ಹಿಡಿದು ಅವಳ ಪಕ್ಕ ನಿಲ್ಲಬೇಕಾಯಿತು.

ಎಣ್ಣೆ ಕಾಯುವವರೆಗೆ ಬಾರ್ ತಿಂದರು. ಮಾತು ಕಾರ್ಖಾನೆಗೆ ಬಂತು. ತಾನು ಎರಡನೇ ಸಾಲಿನಲ್ಲಿ, ಬೆಲ್ಟಿನ ಮೇಲೆ ಸಾಗಿಬರುವ ಕೋಳಿ ಕತ್ತರಿಸುತ್ತಿದ್ದೆ ಎಂದಳು ಹಲೀಮೋ.

"ಎರಡನೇ ಸಾಲಾ? ಆ ದರಿದ್ರ ಬೆಲ್ಟು!" ಎಂದ ವರ್ಲಿನ್. "ವಾರಕ್ಕೊಂದು ಸಲ ಕೆಟ್ಟು ನನ್ನ ಜೀವ ತಿಂತಿತ್ತು."

"ಅದನ್ನ ರಿಪೇರಿ ಮಾಡ್ತಿದ್ದೋರು ನೀವಾ? ಅದು ನಿಂತಾಗೆಲ್ಲ ನಮಗೆ ಕೂತ್ಕೊಳ್ಳೋಕೆ ಸಿಗ್ತಿತ್ತು. ನಾವೆಲ್ಲ ಹರಸ್ತಿದ್ವಿ."

"ಯಾರನ್ನ? ನನ್ನನ್ನಾ, ಬೆಲ್ಟನ್ನಾ?"

"ಬೆಲ್ಟನ್ನ," ಎಂದಳು ಹಲೀಮೋ. "ನಿಮ್ಮನ್ನ ಬಯ್ತಿದ್ವಿ. ಎಷ್ಟು ಬೇಗ ಸರಿ ಮಾಡಿಬಿಡ್ತಿದ್ರಿ!" ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡು ಹೇಳಿದಳು. "ಆಮೇಲೆ ಹೊಸ ಯಂತ್ರ ತಂದ್ರಲ್ಲ, ಅದು ಕೆಡಲೇ ಇಲ್ಲ. ನಮ್ಮಲ್ಲೂ ಅರ್ಧ ಜನ ಮನೆಗೆ ಹೋದ್ವಿ."

"ನಿನ್ನನ್ನೂ ಕಳಿಸಿದ್ರಾ?"

"ನಿಮ್ಮ ಹಿಂದೇನೇ."

ವರ್ಲಿನ್ ಬಾರಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಅಷ್ಟರಲ್ಲಿ ತಟ್ಟೆಯಲ್ಲಿ ಒಂದೇ ಒಂದು ಬಾರ್ ಉಳಿದಿತ್ತು. ಕೊನೆಯದನ್ನು ತೆಗೆದುಕೊಳ್ಳುವುದು ಅಲ್ಲಿ ಮರ್ಯಾದೆಯಲ್ಲ. ಆರ್ಡಿಸ್ ಅರ್ಧ ಕತ್ತರಿಸಿಕೊಂಡಳು, ಡ್ವೇನ್ ಆ ಅರ್ಧದಲ್ಲಿ ಅರ್ಧ, ಬ್ರಾಕ್ ಅದರಲ್ಲಿ ಅರ್ಧ. ಅಬ್ದಿರಿಸಾಕ್ ಇದನ್ನು ಕಣ್ಣರಳಿಸಿ ನೋಡುತ್ತಿದ್ದವನು, ಉಳಿದ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡ. "ಪಾಪ, ಎಷ್ಟು ಹೊತ್ತು ಅಂತ ಚಿತ್ರಹಿಂಸೆ ಕೊಡ್ತೀರಿ ಅದಕ್ಕೆ!"

ವರ್ಲಿನ್ ನಕ್ಕ. ಹೊಟ್ಟೆಯಿಂದ ಬಂದ ನಗು. ಅಪ್ಪ ಹಾಗೆ ನಗುವುದನ್ನು ಮರೆತೇಬಿಟ್ಟಿದ್ದ ಬ್ರಾಕ್ ಅವನನ್ನೇ ನೋಡುತ್ತ ಕೂತ.

ಮೀನು ಬಂತು. ವರ್ಲಿನ್ ಅಡುಗೆಮನೆಗೆ ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದು, ಒಂದೊಂದಾಗಿ ಮುರಿದು ಎಲ್ಲರ ತಟ್ಟೆಯ ಪಕ್ಕದಲ್ಲೂ ಇಟ್ಟ. ಯಾರ ಮುಖವನ್ನೂ ನೋಡಲಿಲ್ಲ.

"ಇದಿಲ್ಲದೆ ನಿಮ್ಮಲ್ಲಿ ಊಟ ಇಲ್ಲವಂತಲ್ಲ. ಮಗ ಹೇಳಿದ," ಎಂದ. "ಮೀನಿಗೂ ಆಗತ್ತೋ ಏನೋ, ಗೊತ್ತಿಲ್ಲ."

"ಆಗತ್ತೆ ಅಣ್ಣಾ," ಎಂದಳು ಹಲೀಮೋ. ಅವಳು ಮೀನು ಮುರಿದು, ಹಣ್ಣು ಕಚ್ಚಿದಳು. ವರ್ಲಿನ್ ಅವಳನ್ನು ನೋಡಿ ಹಾಗೇ ಮಾಡಿದ. ಆರ್ಡಿಸಳಿಗೆ ಕಣ್ಣು ತುಂಬಿ ಬಂದು ತನ್ನ ತಟ್ಟೆಯೇ ಕಾಣಲಿಲ್ಲ.

ಹೊರಡುವಾಗ ಆ ಊರಿನ ಪದ್ಧತಿಯಂತೆ ಬಾಗಿಲಲ್ಲೇ ಮಾತಾಡುತ್ತ ಊಟದಷ್ಟೇ ಹೊತ್ತು ನಿಂತರು. ಕಾರಿನವರೆಗೂ ಬಂದ ಡ್ವೇನ್, ಹಲೀಮೋ ಉಜ್ಜಿ ಹೊಳೆಯಿಸಿದ ಬಾಣಲೆಯನ್ನು ಕಂಕುಳಲ್ಲಿಟ್ಟುಕೊಂಡು ಆರ್ಡಿಸಳ ಕಿಟಕಿಗೆ ಬಗ್ಗಿದ.

"ಮುಂದಿನ ವರ್ಷ ನನ್ನ ಹುಡುಗರನ್ನ ಮೊದಲ ತಿಂಗಳೇ ಕಳಿಸು ಮಾರಾಯ್ತಿ. ಕೊನೇವರೆಗೆ ಇಟ್ಕೊಂಡು ಜೀವ ತೆಗೀಬೇಡ."

"ಮುಂದಿನ ವರ್ಷ ಕಂಪ್ಯೂಟರು ಅಂದಿದ್ದೆ?"

ಡ್ವೇನ್ ಬಾಣಲೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. "ನಂಗೂ ಒಂದು ಮನೆ ಹುಡುಕು," ಎಂದ. "ಮೀನು ಕರಿಯೋದು ಹೇಗೆ ಅಂತ ಯಾರಾದ್ರೂ ಹೇಳಿಕೊಡಲಿ."