ಹೊಸೂರಿಗೆ ಎರಡು ರಿಂಗು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮುನಿತಾಯಮ್ಮನನ್ನು ಅರಿಯದವರಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು. ಬಾಯಿ ಜೋರು, ಕಿವಿ ಅದಕ್ಕಿಂತ ಜೋರು. ಪಕ್ಕದ ಮನೆಯ ಬಾಣಲೆಯಲ್ಲಿ ಸಾಸಿವೆ ಸಿಡಿದರೂ ಇಲ್ಲಿ ಕೂತು, "ಇವತ್ತೇನವ್ವ ಉಪ್ಪಿಟ್ಟಾ?" ಎಂದು ಕೂಗುವವಳು. ಆ ಕಿವಿ ಹಾಗೆ ಪಳಗಿದ್ದು ಗಂಡ ಅಂಕಯ್ಯನ ದೆಸೆಯಿಂದ.

ಅಂಕಯ್ಯ ಗೂಡಿನ ಲಾರಿಯ ಡ್ರೈವರಾಗಿದ್ದವನು. ಕೃಷ್ಣಗಿರಿ, ಧರ್ಮಪುರಿ ಕಡೆಯ ರೈತರ ರೇಷ್ಮೆಗೂಡು ತುಂಬಿಕೊಂಡು ಬಂದು ರಾಮನಗರದಲ್ಲಿ ಇಳಿಸುವುದು ಅವನ ಕೆಲಸ. ಹೋದನೆಂದರೆ ಹೋದ, ಬಂದನೆಂದರೆ ಬಂದ. ಮಗ ಪ್ರಕಾಶ ಇಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಲಾರಿ ದಾರಿಯಲ್ಲೇ ಕೆಟ್ಟು ನಿಂತು, ಅಂಕಯ್ಯ ವಾರ ಕಳೆದು ಮನೆಗೆ ಬಂದ. ಅಷ್ಟು ದಿನವೂ ಸರಿಯಾಗಿ ಉಣ್ಣದೆ ಬಾಗಿಲಲ್ಲೇ ಕೂತಿದ್ದ ಮುನಿತಾಯಮ್ಮ ಅವನನ್ನು ಕಂಡದ್ದೇ ತಡ, "ಬದುಕಿದ್ದೀಯೋ ಸತ್ತಿದ್ದೀಯೋ ಅಂತ ಯಾರ್‌ನ ಕೇಳ್ಲಿ ನಾನು? ಆ ಲಾರಿನೇ ಕಟ್ಕೊಂಡು ಬಾಳಾಟ ಮಾಡೋಗು!" ಎಂದು ಬೀದಿ ಹಾರಿಹೋಗುವಂತೆ ರಂಪ ಮಾಡಿದಳು.

ಎದುರಿಗೆ ನೂಲು ಬಿಚ್ಚಾಣಿಕೆ ಕಾರ್ಖಾನೆ ಇಟ್ಟಿದ್ದ ಕರೀಂ ಸಾಬರು ಆ ಜಗಳ ಬಿಡಿಸಲು ಬಂದು ಉಪಾಯವನ್ನೂ ತಂದರು. ಅವರ ಕಾರ್ಖಾನೆಯಲ್ಲಿ ಫೋನಿತ್ತು. ಅಂಕಯ್ಯ ಪ್ರತಿ ಊರಿನ ಬೂತಿನಿಂದ ಅಲ್ಲಿಗೆ ಫೋನು ಮಾಡಿ, ರಿಂಗು ಕೊಟ್ಟು ಇಟ್ಟುಬಿಡಬೇಕು. ಆನೇಕಲ್ಲಿಗೆ ಒಂದು ರಿಂಗು, ಹೊಸೂರಿಗೆ ಎರಡು, ಕೃಷ್ಣಗಿರಿಗೆ ಮೂರು. ಯಾರೂ ಎತ್ತಕೂಡದು. ಎತ್ತದಿದ್ದರೆ ಬಿಲ್ಲೂ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಗೊತ್ತಿಲ್ಲದೆ ಎತ್ತಿ "ಹಲೋ" ಅಂದದ್ದಕ್ಕೆ ಅಂಕಯ್ಯ ಆ ಕಡೆಯಿಂದ ಅವನ ವಂಶವನ್ನೆಲ್ಲ ಉದ್ಧಾರ ಮಾಡಿದ್ದನ್ನು ಕರೀಂ ಸಾಬರು ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು.

ಹೀಗೆ ಮುನಿತಾಯಮ್ಮ ಎಂದೂ ಕಾಣದ ಹಾದಿಯನ್ನು ಕಿವಿಯಲ್ಲೇ ನಡೆದಳು. ಬಟ್ಟೆ ಒಗೆಯುತ್ತಿರಲಿ, ರಾಗಿ ಬೀಸಿಸಲು ಹೊರಟಿರಲಿ, ಎದುರುಗಡೆ ಫೋನು ಕೂಗಿದರೆ ಕೈ ನಿಲ್ಲುತ್ತಿತ್ತು. ಒಂದು. ಎರಡು. ಹೊಸೂರು ಮುಟ್ಟಿದ. ಆಮೇಲೇ ಅವಳಿಗೆ ತುತ್ತು ಇಳಿಯುತ್ತಿದ್ದುದು. "ಒಂದ್ಸಲ ನನ್ನೂ ಕರ್ಕೊಂಡೋಗು" ಎಂದರೆ ಅಂಕಯ್ಯ, "ಗೂಡಿನ ಲಾರೀಲಿ ನಿಂಗೇನಮ್ಮಿ ಕೆಲ್ಸ" ಎಂದು ತೇಲಿಸಿಬಿಡುತ್ತಿದ್ದ. ಎಂಥಾ ಸಿಹಿ ದಿನಗಳು ಅವು, ಭಯದಲ್ಲೂ ಸಿಹಿ!

ಅಂಕಯ್ಯ ಹೋಗಿ ಆರು ವರ್ಷವಾಯಿತು. ಕೊನೆಗಾಲಕ್ಕೆ ಕೊಂಡಿದ್ದ ಹಳೆಯ ಕಾರೊಂದು ಉಳಿದಿತ್ತು. ಚನ್ನಪಟ್ಟಣದಲ್ಲಿ ಮೇಷ್ಟ್ರಾಗಿರುವ ಪ್ರಕಾಶನಿಗೆ ಸ್ಟೇರಿಂಗು ಕಂಡರೆ ಅಂಗೈ ಬೆವರುತ್ತದೆ. ಅವನ ಮಗಳು ಧನುಶ್ರೀ ಹಾಗಲ್ಲ. ಹದಿನೆಂಟು ತುಂಬಿದ್ದೇ ಲೈಸೆನ್ಸು ಮಾಡಿಸಿದಳು. ಅವಳ ಪಕ್ಕದ ಸೀಟಿನಲ್ಲಿ ಮುನಿತಾಯಮ್ಮ ಮೊದಲ ಸಲ ಕೂತು ಮಾಗಡಿ ರಸ್ತೆಯಲ್ಲಿ ಹೋದ ದಿನ, ಹುಡುಗಿ ಗೇರು ಹಾಕುವ ಮುಂಚೆ ನಾಲಿಗೆಯನ್ನು ಲೊಚ್ಚೆನ್ನಿಸಿದ್ದು ಕೇಳಿ ಮುದುಕಿಗೆ ಮೈ ಜುಮ್ಮೆಂದಿತು. ಥೇಟ್ ಅಂಕಯ್ಯ, ಬಾಗಿಲಿಂದ ಲಾರಿ ಹೊರಡಿಸುವಾಗ ಮಾಡುತ್ತಿದ್ದ ಹಾಗೇ! ಆವತ್ತಿನಿಂದ ವಾರಕ್ಕೊಮ್ಮೆ ಏನಾದರೂ ನೆಪ ತೆಗೆದು ಕಾರು ಹತ್ತುವುದು ಅವಳ ಚಾಳಿಯಾಯಿತು. ಕುದೂರಿನಲ್ಲಿ ಸೊಪ್ಪು ಚೆನ್ನಾಗಿರುತ್ತದೆ ಎಂದು ಅಲ್ಲಿಯವರೆಗೆ ಹೋಗಿಬಂದದ್ದೂ ಉಂಟು.

ಇಂಥ ಹುಡುಗಿ ಗೆಳತಿ ಅಸ್ರಾಳನ್ನು ಹೊಸೂರಿನ ಅವಳ ಅಕ್ಕನ ಮನೆಗೆ ಬಿಟ್ಟುಬರಲು ಹೊರಟಳು. ಮೊದಲ ಸಲ ರಾಜ್ಯ ದಾಟುತ್ತಿದ್ದಾಳೆ. ಮುನಿತಾಯಮ್ಮ ಬಾಗಿಲಲ್ಲಿ ನಿಂತು, "ಆನೇಕಲ್‌ಗೆ ಒಂದು, ಹೊಸೂರ್‌ಗೆ ಎರಡು. ಮರೀಬ್ಯಾಡ ಮಗ" ಎಂದಳು. ಆನೇಕಲ್ಲಿನ ರಿಂಗು ಮುದುಕಿಯ ಮೊಬೈಲಿಗೆ ಬಂತು. ಹೊಸೂರಿನಲ್ಲಿ ಗೆಳತಿಯರ ಮಾತು ಮುಗಿಯಲಿಲ್ಲ, ರಿಂಗು ಮರೆತುಹೋಯಿತು. ಅಸ್ರಾಳನ್ನು ಇಳಿಸಿ ಒಬ್ಬಳೇ ಹಿಂದಿರುಗುವಾಗ ನೆನಪಾಗಿ, ಅಯ್ಯೋ, ಅಜ್ಜಿ ಊಟ ಬಿಟ್ಟು ಕೂತಿರುತ್ತೆ ಎಂದು, ಓಡುತ್ತಿದ್ದ ಕಾರಿನಲ್ಲೇ ಫೋನು ಕೈಗೆತ್ತಿಕೊಂಡಳು. ಎರಡು ರಿಂಗು ಕೊಟ್ಟು ತಲೆಯೆತ್ತಿದರೆ ಮುಂದೆ ಪೊಲೀಸರು. ಲೈಸೆನ್ಸು ತೆಗೆದುಕೊಂಡು, ಹೊಸೂರಿನ ಸಾರಿಗೆ ಕಚೇರಿಗೆ ಬಂದು ಉತ್ತರ ಹೇಳು ಎಂದು ಚೀಟಿ ಕೊಟ್ಟು ಕಳಿಸಿದರು.

ಮನೆಯಲ್ಲಿ ಪ್ರಕಾಶ ಕೂಗಾಡಲಿಲ್ಲ. ಅವನು ಮೆತ್ತಗೆ ಮಾತಾಡಿದರೇ ಹೆದರಬೇಕು. "ಲೈಸೆನ್ಸ್ ಸಸ್ಪೆಂಡ್ ಆಯ್ತು ಅಂದ್ರೆ ಆ ಕಾರು ಈ ಬಾಗಿಲಲ್ಲಿ ಇರಲ್ಲ. ಮಾರ್ಬುಡ್ತೀನಿ" ಎಂದ. ಮುನಿತಾಯಮ್ಮ ಬಾಗಿಲಿಗೆ ಹೋಗಿ ಕಾರನ್ನು ನೋಡಿದಳು. ಕಾರು ಹೋದರೆ ಆ ಪಕ್ಕದ ಸೀಟೂ ಹೋಯಿತು, ಆ ಲೊಚ್ಚೂ ಹೋಯಿತು.

ಯಾರೋ ತಿಳಿದವರು ಪ್ರಕಾಶನಿಗೆ ದಾರಿ ಹೇಳಿಕೊಟ್ಟರು. ಮುದುಕಿಗೆ ಎದೆನೋವು ಬಂದಿತ್ತು, ಗಾಬರಿಯಲ್ಲಿ ಹುಡುಗಿ ಫೋನು ಮುಟ್ಟಿದಳು ಅನ್ನಿ, ಬರೀ ದಂಡ ಹಾಕಿ ಬಿಡುತ್ತಾರೆ. "ಹಂಗೇ ಹೇಳ್ತೀನಿ ಬುಡು, ಇದೇನ್ ಮಹಾ" ಎಂದು ಮುನಿತಾಯಮ್ಮ ತಾನೇ ಮುಂದಾಗಿ ಹೊರಟಳು. ಧನುಶ್ರೀ ಮಾತ್ರ, "ಬೇಡ ಅಜ್ಜಿ, ನಂಗ್ ಅದು ಇಷ್ಟ ಇಲ್ಲ" ಎಂದು ಮುಖ ತಿರುಗಿಸಿದಳು.

ಮೂವರೂ ಬಸ್ಸಿನಲ್ಲಿ ಹೋದರು. ಕನಕಪುರ ದಾಟಿ, ಹಾರೋಹಳ್ಳಿ ದಾಟಿ ಬಸ್ಸು ಆನೇಕಲ್ಲಿಗೆ ಬಂದಾಗ ಮುನಿತಾಯಮ್ಮ ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಇದೇ ಅಲ್ಲವೇ ಒಂದು ರಿಂಗಿನ ಊರು! ಎಷ್ಟು ಜನ, ಎಷ್ಟು ಅಂಗಡಿ. ಇಲ್ಲಿ ಯಾವ ಬೂತಿನಲ್ಲಿ ನಿಂತಿರುತ್ತಿದ್ದನೋ, ಯಾವ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದನೋ. ಕಣ್ಣು ತುಂಬಿ ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಹಿಂದಿನ ಸೀಟಿನಿಂದ ಪ್ರಕಾಶ ಮೆಲ್ಲಗೆ ಅಂದ: "ನಾನೂ ಎಣಿಸ್ತಿದ್ದೆ ಕಣವ್ವ. ಓದೋ ಹಂಗೆ ಪುಸ್ತಕ ಹಿಡ್ಕೊಂಡು." ಅಷ್ಟು ವರ್ಷದಲ್ಲಿ ಅವನು ಅದನ್ನು ಹೇಳಿರಲಿಲ್ಲ.

ಹೊಸೂರಿನ ಕಚೇರಿಯ ಅಧಿಕಾರಿ ನಡುವಯಸ್ಸಿನ ಹೆಂಗಸು. ತಮಿಳಿನ ರಾಗದಲ್ಲಿ ಒಳ್ಳೆಯ ಕನ್ನಡವನ್ನೇ ಆಡುತ್ತಿದ್ದರು. "ಯಾರ ಹತ್ರ ಮಾತಾಡ್ತಿದ್ದೆ ಪಾಪಾ?" ಎಂದು ಕೇಳಿದರು. ಧನುಶ್ರೀ ತಲೆ ತಗ್ಗಿಸಿದಳು. ಪ್ರಕಾಶ ತಾಯಿಯ ಮೊಣಕೈ ಮುಟ್ಟಿದ. ಮುನಿತಾಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು, ಅಲ್ಲಿಯವರೆಗೆ ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಆದರೆ ಹುಡುಗಿ ತನ್ನನ್ನೇ ನೋಡುತ್ತಿರುವುದು ಕಂಡು ಆ ಕೈಯನ್ನು ಕೆಳಗಿಳಿಸಿದಳು.

"ನಂಗೇನೂ ಆಗಿರ್ಲಿಲ್ಲ ತಾಯಿ. ಕಲ್ಲುಗುಂಡಿನಂಗೆ ಇದ್ದೆ. ರಿಂಗ್ ಕೊಡು ಅಂದೋಳು ನಾನೇ" ಎಂದು, ಕರೀಂ ಸಾಬರ ಫೋನಿನಿಂದ ಹಿಡಿದು ಎಲ್ಲವನ್ನೂ ಒದರಿಬಿಟ್ಟಳು. ಪ್ರಕಾಶ ಹಣೆ ಹಿಡಿದುಕೊಂಡ.

ಅಧಿಕಾರಿ ನಗಲಿಲ್ಲ. ಎಲ್ಲ ಕೇಳಿ, "ಅಮ್ಮಾ, ಒಂದು ಮಾತು. ನಿಮ್ಮ ಯಜಮಾನ್ರು ಲಾರಿ ಓಡಿಸ್ತಾ ಓಡಿಸ್ತಾ ರಿಂಗ್ ಕೊಡ್ತಿದ್ರಾ?" ಎಂದರು.

"ಅದೆಂಗಾಯ್ತದೆ? ಬೂತ್‌ಗೆ ಹೋಗ್ಬೇಕಲ್ಲ..." ಎಂದವಳು ಅಲ್ಲಿಗೇ ತಡೆದಳು. ಲಾರಿ ನಿಲ್ಲಿಸಿ, ಇಳಿದು, ಬೂತಿಗೆ ನಡೆದುಹೋಗಬೇಕಿತ್ತು. ರಿಂಗು ಕೇಳಿದ ಹೊತ್ತಿಗೆ ಅಂಕಯ್ಯನ ಕಾಲು ನೆಲದ ಮೇಲಿರುತ್ತಿತ್ತು. ಅದಕ್ಕೇ ಅದು ನೆಮ್ಮದಿಯ ರಿಂಗಾಗಿತ್ತು. ಈ ಮಗು ಮಾತ್ರ ಅಜ್ಜಿಯ ನೆಮ್ಮದಿಗೆಂದು ರಸ್ತೆಯಿಂದ ಕಣ್ಣು ತೆಗೆದಿತ್ತು. ಎದುರಿಗೆ ಪೊಲೀಸರ ಬದಲು ಲಾರಿ ಬಂದಿದ್ದರೆ?

ಲೈಸೆನ್ಸು ಮೂರು ತಿಂಗಳು ಸಸ್ಪೆಂಡಾಯಿತು. ನಿಜ ಹೇಳಿದ್ದಕ್ಕೆ ಯಾರೂ ರಿಯಾಯಿತಿ ಕೊಡಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಪ್ರಕಾಶ, "ಕಾರಿನ ವಿಚಾರ ಆಗ್ಲೇ ಹೇಳಿದೀನಿ" ಎಂದ. ಧನುಶ್ರೀಗೆ ಅಳು ಒತ್ತರಿಸಿ ಬಂತು. ಮುನಿತಾಯಮ್ಮ ಮಗನ ಮುಂದೆ ನಿಂತು, "ಕಾರಿರ್ಲಿ ಕಣ್ಲಾ. ತಪ್ಪಿರೋದು ಕಾರಲ್ಲಿ ಅಲ್ಲ, ನನ್ ಕಿವೀಲಿ. ಇನ್ಮ್ಯಾಕೆ ನಂಗೆ ಯಾವ ಊರಿಂದಾನೂ ರಿಂಗ್ ಬ್ಯಾಡ" ಎಂದಳು.

"ಸುದ್ದಿ ಇಲ್ದೆ ಇರ್ತೀಯಾ ನೀನು?"

"ಇರ್ತೀನಿ. ಇಲ್ದಿದ್ರೆ ಆವಾಗ ಮಾರು."

ಲೈಸೆನ್ಸು ಕೈಗೆ ಬಂದ ವಾರವೇ ಧನುಶ್ರೀ ಅಸ್ರಾಳನ್ನು ಕರೆತರಲು ಹೊಸೂರಿಗೆ ಹೊರಟಳು. ಮುನಿತಾಯಮ್ಮ ತನ್ನ ಫೋನನ್ನು ಆಫ್ ಮಾಡಿ ಸೊಸೆ ಮಮತಾಳ ಕೈಗಿತ್ತಳು. ಅವರೆಕಾಯಿ ಸುಲಿಯಲು ಕೂತಳು. ಸುಲಿದಳು, ಎದ್ದಳು, ಬೀದಿಗೆ ಹೋಗಿ ನೋಡಿದಳು, ಮತ್ತೆ ಕೂತಳು. ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಆರಿತು. "ಒಂದೇ ಒಂದ್ಸಲ ಮಾಡ್ಲಾ ಅತ್ತೆ?" ಎಂದು ಮಮತಾಳೇ ತಡೆಯಲಾರದೆ ಕೇಳಿದಾಗ, "ಸುಮ್ಕಿರವ್ವ, ಗಾಡೀಲಿರ್ತಾಳೆ" ಎಂದು ಗದರಿದಳು. ಪ್ರಕಾಶ ಪೇಪರು ಹಿಡಿದು ಒಂದೇ ಪುಟ ನೋಡುತ್ತಿದ್ದ.

ಸಂಜೆ ಬಾಗಿಲಿಗೆ ಕಾರು ಬಂದು ನಿಂತಿತು. ಹುಡುಗಿ ಚಪ್ಪಲಿ ಬಿಡುತ್ತಾ, "ಅಜ್ಜೀ, ಬಂದೆ ಕಣಜ್ಜಿ" ಎಂದು ಒಳಗೆ ಬಂದಳು.

ಮುನಿತಾಯಮ್ಮ ಸುಲಿದ ಅವರೆಕಾಳನ್ನು ಪಕ್ಕಕ್ಕೆ ಸರಿಸಿದಳು. "ಇನ್ನೊಂದ್ಸಲ ಹೇಳು ಮಗ" ಎಂದಳು.

"ಬಂದೆ ಅಂದೆ. ಯಾಕಜ್ಜಿ, ಕೇಳಿಸ್ಲಿಲ್ವಾ?"

"ಕೇಳಿಸ್ತು. ನಿಮ್ಮಜ್ಜ ಬರೋನು, ಅಂಗಿ ಬಿಚ್ಚಿ ಗೂಟಕ್ಕೆ ಹಾಕೋನು, ಉಣ್ಣಾಕಿಕ್ಕು ಅನ್ನೋನು. ಬಂದೆ ಅಂತ ಒಂದು ದಿನಾನೂ ಬಾಯ್ಬುಟ್ಟು ಅಂದಿರ್ಲಿಲ್ಲ ಕಣವ್ವ."