ಹೋಗುವ ಬಸ್ಸು, ಬರುವ ಬಸ್ಸು

ವಿಧಾನಸೌಧದ ನನ್ನ ಮೊದಲ ಮೀಟಿಂಗಿನಲ್ಲೇ ನಾನು ಸರ್ಕಾರವನ್ನು ಬೈದೆ. ಬೇಕೆಂದು ಬೈದದ್ದಲ್ಲ, ಬಾಯಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ತುಮಕೂರಿನ ಶೆಟ್ಟಿಹಳ್ಳಿಯ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡು, ಸರ್ಕಾರದ ಮೇಲೆ ಕೇಸು ಹಾಕುತ್ತಲೇ ತಲೆ ಹಣ್ಣಾದವಳು ನಾನು. ಒಂದೂರಿನ ಸ್ಮಶಾನಕ್ಕೆ ದಾರಿ, ಇನ್ನೊಂದೂರಿನ ಹಾಸ್ಟೆಲ್ಲಿಗೆ ನೀರು, ಮತ್ತೊಂದೂರಿನ ಒತ್ತುವರಿಯಾದ ಕೆರೆ. ಎಲ್ಲವೂ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳೇ. ಕಕ್ಷಿದಾರರು ಗೆದ್ದಾಗ ಹಲಸಿನಹಣ್ಣು ತರುತ್ತಿದ್ದರು, ಸೋತಾಗಲೂ ತರುತ್ತಿದ್ದರು. ಹೀಗಿರುವಾಗ, ನಾನು ಎಷ್ಟೋ ಸಲ ಕೋರ್ಟಿಗೆಳೆದಿದ್ದ, ಈಗ ಸಾರಿಗೆ ಖಾತೆ ನೋಡಿಕೊಳ್ಳುವ ಮಂತ್ರಿಯೊಬ್ಬರು ಫೋನು ಮಾಡಿ, "ಹೊರಗೆ ನಿಂತ್ಕೊಂಡು ಜಗಳ ಆಡಿದ್ದು ಸಾಕು, ಒಳಗೆ ಬಂದು ಕೆಲಸ ಮಾಡಿ ನೋಡಮ್ಮ," ಎಂದು ನನ್ನನ್ನು ತಮ್ಮ ಕಾನೂನು ಸಲಹೆಗಾರ್ತಿಯನ್ನಾಗಿ ಮಾಡಿಕೊಂಡರು.

ಆ ಮೀಟಿಂಗಿನಲ್ಲಿ ಅಧಿಕಾರಿಯೊಬ್ಬರು ಯಾವುದೋ ಕೆಲಸ ಯಾಕೆ ತಡವಾಯಿತೆಂದು ವಿವರಿಸುತ್ತಿದ್ದರು. ನಾನು ತಟ್ಟನೆ ಎದ್ದು, ಮೈಮೇಲೆ ಇಲ್ಲದ ಕರಿಕೋಟನ್ನು ಸರಿಮಾಡಿಕೊಂಡು, "ಈ ಸರ್ಕಾರಕ್ಕೆ ಸ್ವಲ್ಪವಾದರೂ ನಾಚಿಕೆ ಇದೆಯಾ ಅಂತ ಕೇಳ್ತೀನಿ, ಮಹಾಸ್ವಾಮಿ," ಎಂದುಬಿಟ್ಟೆ. ಮಂತ್ರಿಗಳು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಕೂತ್ಕೊಳಮ್ಮ. ಈಗ ಸರ್ಕಾರ ಅಂದ್ರೆ ನೀವೂ ಸೇರಿ," ಎಂದರು. ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಕುಣಿಗಲ್‌ನಲ್ಲಿರುವ ನಮ್ಮಕ್ಕನಿಗೆ ಅಂದು ಸಂಜೆ ಫೋನಿನಲ್ಲಿ ಇದನ್ನು ಹೇಳಿದರೆ ಅವಳು, "ಒಳ್ಳೇದಾಯ್ತು ಬುಡು, ಇನ್ಮೇಲೆ ಕರೆಂಟ್ ಹೋದ್ರೆ ಬೈಯೋಕೆ ಮನೇಲೇ ಒಬ್ಳು ಸಿಕ್ಕಿದ್ಲು," ಎಂದಳು.

ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ನನ್ನ ಹಳೆಯ ಕಕ್ಷಿದಾರಳೊಬ್ಬಳು ಶೆಟ್ಟಿಹಳ್ಳಿಯ ಮನೆಗೆ ಬಂದಳು. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಿಂದ ಇನ್ನೂ ಒಳಗೆ ಹೋಗಬೇಕಾದ ಒಂದು ಹಳ್ಳಿಯವಳು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಗಂಡ ಲಾರಿ ಓಡಿಸಿಕೊಂಡು ಊರೂರು ಅಲೆಯುವವನು. ಒಬ್ಬಳೇ ಮಗಳು ಗುಬ್ಬಿಯಲ್ಲಿ ಪಿಯುಸಿ ಓದುತ್ತಾಳೆ. ಆ ಹಳ್ಳಿಗೆ ಬಸ್ಸು ಬೇಕೆಂದು ಈ ತಾಯಿಯ ಹೆಸರಿನಲ್ಲೇ ನಾನು ಅರ್ಜಿ ಹಾಕಿದ್ದೆ. ಗೆದ್ದಿದ್ದೆವು ಕೂಡ. ಬಸ್ಸು ಬಂದ ದಿನ ಊರಿನವರು ಅದಕ್ಕೆ ಬಾಳೆಕಂದು ಕಟ್ಟಿ ಪೂಜೆ ಮಾಡಿದ್ದರು.

ಅವಳು ಕುರ್ಚಿಯಲ್ಲಿ ಕೂರಲೂ ಇಲ್ಲ. "ಲಾಯರಮ್ಮ, ಹೋಗಕ್ಕೆ ಬಸ್ ಕೊಡಿಸಿದ್ರಿ. ಬರಕ್ಕೆ?" ಎಂದಳು.

"ಬರಕ್ಕೂ ಅದೇ ಬಸ್ ಅಲ್ವೇನೇ?"

"ಎಲ್ಲಿಂದ ಬತ್ತದೆ? ಬೆಳಿಗ್ಗೆ ಬಂದು ಹುಡುಗ್ರನ್ನ ಗುಬ್ಬಿಗೆ ಬುಟ್ಬುಟ್ಟು ಅತ್ಲಾಗೆ ಬೇರೆ ರೂಟಿಗೆ ಹೋಯ್ತದೆ. ಸಂಜೆ ಹಾಗಲವಾಡಿ ತಂಕ ಹೆಂಗೋ ಬಂದು, ಅಲ್ಲಿಂದ ನಡ್ಕಂಡು ಬರ್ಬೇಕು. ಹೆಂಗಸ್ರಿಗೆ ಟಿಕೆಟ್ ಫ್ರೀ ಅಂತೀರಿ, ಬಸ್ಸೇ ಇಲ್ದಿದ್ಮೇಲೆ ಫ್ರೀ ತಗಂಡು ಏನ್ ಮಾಡನ?"

ನಾನು ಒಳಗೆ ಹೋಗಿ ನನ್ನದೇ ಅರ್ಜಿಯನ್ನು ತೆಗೆದು ನೋಡಿದೆ. 'ವಿದ್ಯಾರ್ಥಿಗಳು ಸಮಯಕ್ಕೆ ಸರಿಯಾಗಿ ಕಾಲೇಜು ತಲುಪಲು ಅನುಕೂಲವಾಗುವಂತೆ ಬಸ್ಸು ಓಡಿಸಬೇಕು' ಎಂದು ಠೀವಿಯಿಂದ ಕೇಳಿದ್ದೆ. ಕೇಳಿದ್ದನ್ನಷ್ಟೇ ಕೊಡುವುದು ಕೋರ್ಟಿನ ಪದ್ಧತಿ, ಕೊಟ್ಟಿತ್ತು. ಆದೇಶದಲ್ಲಿದ್ದುದನ್ನಷ್ಟೇ ಮಾಡುವುದು ಸರ್ಕಾರದ ಪದ್ಧತಿ, ಮಾಡಿತ್ತು. ತಲುಪಿದವರು ವಾಪಸ್ಸು ಮನೆಗೂ ಬರಬೇಕೆಂಬುದು ಕಾನೂನು ಓದಿದ ನಮಗೆ ಒಬ್ಬರಿಗೂ ಹೊಳೆದಿರಲಿಲ್ಲ. ಹೊಲಕ್ಕೆ ಹೋಗುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಅವಳ ಅವಸರಕ್ಕೆ ಕಾರಣವಿತ್ತು. ಗಂಡ ಊರಲ್ಲಿಲ್ಲದ ಆ ಮನೆಯಲ್ಲಿ ಅತ್ತೆಯದೇ ದರ್ಬಾರು. ದೀಪಾವಳಿ ಕಳೆದರೆ ಬೇಗ ಕತ್ತಲಾಗುತ್ತದೆ, ಆಮೇಲೆ ಹುಡುಗಿಯನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ದೀಪಾವಳಿ ಹತ್ತಿರದಲ್ಲೇ ಇತ್ತು. "ಪರೀಕ್ಷೆ ತಂಕ ಹೆಂಗಾರ ದಾಟ್ಸಿ ಲಾಯರಮ್ಮ. ಒಂದ್ಸಲ ಬುಡುಸುದ್ರೆ ಇನ್ ಮದ್ವೆನೇ," ಎಂದಳು. ಆ ಹುಡುಗಿಯನ್ನು ನಾನು ಬಲ್ಲೆ. ಕೇಸಿನ ದಿನಗಳಲ್ಲಿ ತಾಯಿಯ ಜೊತೆ ಬಂದು, ನನ್ನ ಕಪಾಟಿನ ಕಾನೂನು ಪುಸ್ತಕಗಳನ್ನು ಕತೆಪುಸ್ತಕದಂತೆ ಓದುತ್ತಾ ಕೂರುತ್ತಿದ್ದಳು.

ಸೋಮವಾರ ಮಂತ್ರಿಗಳ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದೆ. ಇದು ನಾನೇ ನಡೆಸಿದ ಕೇಸು, ಈ ಫೈಲಿಗೆ ನಾನು ಕೈ ಹಾಕುವುದು ಸರಿಯಲ್ಲ ಎಂದೂ ಹೇಳಿದೆ. ಅವರು, "ಕೇಸ್ ಮುಗಿದಿದೆ, ಎದುರುಪಕ್ಷ ಯಾರೂ ಇಲ್ಲ. ಫೈಲ್ ಬೇರೆಯವರು ನೋಡ್ಕೊತಾರೆ. ನೀವು ಡಿಪೋಗೆ ಹೋಗಿ ಒಂದು ಕಪ್ ಟೀ ಕುಡ್ಕೊಂಡ್ ಬನ್ನಿ," ಎಂದರು. ಎದುರುಪಕ್ಷ ಇಲ್ಲ ಎಂದ ತಕ್ಷಣ ನನಗೆ ಕೈಕಾಲೇ ಆಡಲಿಲ್ಲ. ಎದುರಿಗೆ ಒಬ್ಬರು ನಿಂತಿರದಿದ್ದರೆ ಕೆಲಸ ಹೇಗೆ ಶುರುಮಾಡುವುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಡಿಪೋದ ಮ್ಯಾನೇಜರು ಸಣಕಲು ಮನುಷ್ಯ, ಬಹಳ ಮರ್ಯಾದಸ್ಥ. ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. "ನೋಡಿ ಮೇಡಂ, ತಲುಪಲು ಅಂತ ಇದೆ. ವಾಪಸ್ ಬರಲು ಅಂತ ಇಲ್ಲ. ಇಲ್ಲದ್ದು ಮಾಡಿದ್ರೆ ಆಡಿಟ್‌ನವ್ರಿಗೆ ನಾನು ಉತ್ತರ ಕೊಡ್ಬೇಕು. ಇದನ್ನ ಬರೆದ ಲಾಯರ್ ಯಾರೋ, ಪುಣ್ಯಾತ್ಮರು, ಒಂದೇ ಒಂದು ಪದ ಜಾಸ್ತಿ ಹಾಕಿದ್ರೆ ಆಗ್ತಿತ್ತು," ಎಂದರು.

"ಅದು ನಾನೇ," ಎಂದೆ.

ಅವರು ಆದೇಶವನ್ನು ಮತ್ತೆ ಕವರಿಗೆ ಸೇರಿಸಿ, "ಟೀ ತಗೊಳಿ ಮೇಡಂ," ಎಂದರು.

ಟೀ ಮುಗಿಯುವುದರೊಳಗೆ ದಾರಿಯನ್ನೂ ಅವರೇ ತೋರಿಸಿದರು. ಬೆಳಿಗ್ಗೆ ಖಾಲಿ ಬಸ್ಸನ್ನು ಹಳ್ಳಿಯವರೆಗೆ ಓಡಿಸುವ ಬದಲು, ಹಿಂದಿನ ಸಂಜೆಯೇ ಗುಬ್ಬಿಯಿಂದ ಮಕ್ಕಳನ್ನು ಹತ್ತಿಸಿಕೊಂಡು ಹೋಗಿ ಬಸ್ಸು ರಾತ್ರಿ ಊರಲ್ಲೇ ಉಳಿದರೆ ಆಯಿತು. ಹಾಲ್ಟಿಂಗ್ ಬಸ್ಸು. ನಾನು ಹುಟ್ಟಿ ಬೆಳೆದ ಕುಣಿಗಲ್ ಕಡೆಯ ಊರಿಗೂ ಅಂಥದ್ದೊಂದು ಬರುತ್ತಿತ್ತು. ಡ್ರೈವರು, ಕಂಡಕ್ಟರು ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದರು, ಸರದಿಯ ಮೇಲೆ ಒಬ್ಬೊಬ್ಬರ ಮನೆಯಿಂದ ಮುದ್ದೆ ಸಾರು ಹೋಗುತ್ತಿತ್ತು. ಅದನ್ನು ಹೇಳಿದರೆ ಮ್ಯಾನೇಜರು ತಲೆಯಾಡಿಸಿದರು. "ಈಗ ಜಗಲಿ ಮೇಲೆ ಯಾರೂ ಮಲಗಲ್ಲ ಮೇಡಂ. ಬಾಗಿಲಿರೋ ಒಂದು ರೂಮು, ಫ್ಯಾನು, ಬಚ್ಚಲು, ಇಷ್ಟು ಊರಿನವ್ರು ಕೊಡ್ಲಿ. ನಾಳೆನೇ ಪ್ರಪೋಸಲ್ ಕಳಿಸ್ತೀನಿ."

ಅಷ್ಟೇ ತಾನೇ ಎಂದು ಕುಣಿದುಕೊಂಡು ಹಳ್ಳಿಗೆ ಹೋದೆ. ಅರಳಿಕಟ್ಟೆಯ ಹತ್ತಿರ ಜನ ಸೇರಿದರು. ಬಸ್ಸು ಎಲ್ಲರಿಗೂ ಬೇಕು, ರೂಮು ಯಾರಲ್ಲೂ ಇಲ್ಲ. ಒಬ್ಬರ ರೂಮಿನಲ್ಲಿ ರಾಗಿ ಮೂಟೆ, ಇನ್ನೊಬ್ಬರದರಲ್ಲಿ ಬಾಣಂತಿ, ಮತ್ತೊಬ್ಬರದಕ್ಕೆ ವಾಸ್ತು ಸರಿಯಿಲ್ಲ. ಶಾಲೆಯಲ್ಲಿ ಬಚ್ಚಲಿಲ್ಲ. ರೇಗಿಹೋಯಿತು ನನಗೆ. ಕೊನೆಗೆ ಯಾರೋ ಮೆಲ್ಲಗೆ, ಬಿಸಿಯೂಟದವಳ ಮನೆಯ ಪಕ್ಕಕ್ಕೆ ಒಂದು ಹೊಸ ರೂಮಿದೆ, ಲಾರಿ ದುಡ್ಡಿನಲ್ಲಿ ಅವಳ ಗಂಡ ಕಟ್ಟಿಸಿದ್ದು, ಆದರೆ ಅದರ ಬೀಗದ ಕೈ ಅತ್ತೆ ಮುದುಕಿಯ ಹತ್ತಿರ ಇದೆ ಎಂದರು. ಸೊಸೆಯ ಮುಖ ಸಪ್ಪಗಾಯಿತು. "ನಮ್ಮತ್ತೆನ ಕೇಳಾದು ಒಂದೇ, ಗೋಡೆನ ಕೇಳಾದು ಒಂದೇ ಬುಡಿ," ಎಂದಳು.

ನನಗೋ ಒಳಗೊಳಗೇ ಖುಷಿಯಾಯಿತು. ಅಂತೂ ಒಂದು ಎದುರುಪಕ್ಷ ಸಿಕ್ಕಿತು. ಮುದುಕಿ ಮನೆಯ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವಳೆದುರು ಕುಕ್ಕರಗಾಲಿನಲ್ಲಿ ಕೂತು ವಾದ ಶುರುಮಾಡಿದೆ. ಹೆಣ್ಣುಮಕ್ಕಳ ಓದಿನ ಹಕ್ಕು, ಸಂವಿಧಾನ, ಮೊಮ್ಮಗಳ ಭವಿಷ್ಯ, ಒಂದನ್ನೂ ಬಿಡಲಿಲ್ಲ. ಸೊಸೆ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಮುದುಕಿ ಒಂದೊಂದೇ ಕಾಯಿ ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಆಯ್ತೇನವ್ವ ನಿಂದು?"

"ಆಯ್ತಜ್ಜಿ."

"ಕತ್ಲಲ್ಲಿ ಹೆಣ್ಮಗ ಒಬ್ಳೇ ನಡ್ಕಂಡು ಬರಾದು ಬ್ಯಾಡ ಅಂದೆ. ಹಾವು ಚೇಳು, ಕುಡುಕ್ರು, ನಾಯಿ. ಅವ್ಳು ಬರಾಗಂಟ ಈ ಜಗಲಿ ಬುಟ್ಟು ಏಳ್ದೆ ಕೂತಿರ್ತೀನಿ, ನನ್ ಜೀವ ನನ್ನಲ್ಲಿ ಇರಲ್ಲ. ಓದಾದು ಬ್ಯಾಡ ಅಂತ ನಾನ್ಯಾವತ್ತಂದೆ? ಕೇಸ್ ಹಾಕೋವಾಗ್ಲಾದ್ರೂ ನನ್ನ ಒಂದ್ ಮಾತು ಕೇಳಿದ್ರೇನವ್ವ ನೀವು?"

ಕೇಳಿರಲಿಲ್ಲ. ಅಷ್ಟೇ ಅಲ್ಲ, ಮನೆಯ ಹಿರಿಯರ ವಿರೋಧವಿದೆ ಎಂದು ಅರ್ಜಿಯಲ್ಲೇ ಬರೆದಿದ್ದೆ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದುಕಿ ಎದ್ದು, ಗೋಡೆಯ ಗೂಡಿನಿಂದ ಬೀಗದ ಕೈ ತೆಗೆದು ಸೊಸೆಯ ಕೈಗಿತ್ತು, "ರೂಮ್ ಗುಡ್ಸು. ಫ್ಯಾನ್ ತಿರುಗ್ತದಾ ನೋಡು," ಎಂದಳು. ನಾನು ಕೂತು ಉಳಿದ ಕಡಲೆಕಾಯಿ ಸುಲಿದೆ. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು.

ದೀಪಾವಳಿಯ ಹಿಂದಿನ ವಾರ ಹಾಲ್ಟಿಂಗ್ ಬಸ್ಸು ಹೊರಟಿತು. ನಾನು ಸರ್ಕಾರದ ಕಾರನ್ನು ಗುಬ್ಬಿಯಲ್ಲೇ ವಾಪಸ್ಸು ಕಳಿಸಿ ಮಕ್ಕಳ ಜೊತೆ ಬಸ್ಸು ಹತ್ತಿದೆ. ಹುಡುಗಿ ನನ್ನ ಪಕ್ಕ ಕೂತು ಊರು ಬರುವವರೆಗೂ ಬಾಯಿ ಮುಚ್ಚಲಿಲ್ಲ. ತಾನೂ ಲಾಯರ್ ಆಗುತ್ತಾಳಂತೆ, ಅರ್ಜಿ ಬರೆಯುವಾಗ ಹೋಗುವುದು ಬರುವುದು ಎರಡನ್ನೂ ಹಾಕುತ್ತಾಳಂತೆ. ನಾನು ಅವಳ ಕಿವಿ ಹಿಂಡಿದೆ. ಊರು ತಲುಪಿದಾಗ ಬೆಳಕಿನ್ನೂ ಪೂರ್ತಿ ಆರಿರಲಿಲ್ಲ. ಅಜ್ಜಿ ಜಗಲಿಯ ಮೇಲೆ ಇರಲಿಲ್ಲ, ಒಳಗೆ ಮುದ್ದೆ ತೊಳಸುತ್ತಿದ್ದಳು. ಬಸ್ಸು ಅಲ್ಲೇ ನಿಂತ ಮೇಲೆ ನನಗೂ ವಾಪಸ್ಸು ಹೋಗುವ ದಾರಿ ಇರಲಿಲ್ಲ, ಹಾಗಾಗಿ ಅವರ ಮನೆಯಲ್ಲೇ ಉಳಿದೆ.

ಬೆಳಕು ಹರಿಯುವ ಹೊತ್ತಿಗೆ ಹೊರಗೆ ಧಡಧಡ ಸದ್ದಾಗಿ ಎಚ್ಚರವಾಯಿತು. ಎದ್ದು ಬಂದು ನೋಡಿದರೆ, ಮುದುಕಿ ಒಂದು ಕೈಯಲ್ಲಿ ಕಾಫಿ ಚೊಂಬು ಹಿಡಿದು, ಇನ್ನೊಂದು ಕೈಯಿಂದ ಹೊಸ ರೂಮಿನ ಬಾಗಿಲು ಬಡಿಯುತ್ತಿದ್ದಳು.

"ಏಳ್ರಪ್ಪ ಡ್ರೈವರಣ್ಣ, ಕಾಫಿ ಕುಡೀರಿ. ನಮ್ಮುಡ್ಗಿ ಕಾಲೇಜಿಗೆ ಲೇಟಾದ್ರೆ ನಿಮ್ ಮ್ಯಾಲೆ ಕೇಸ್ ಹಾಕುಸ್ತೀನಿ. ಲಾಯರಮ್ಮ ಇಲ್ಲೇ ಅವ್ರೆ."

ಬಸ್ಸು ಹೊರಡಲು ಇನ್ನೂ ಬಹಳ ಹೊತ್ತಿತ್ತು. ಹುಡುಗಿ ಒಳಗೆ ಗಾಢ ನಿದ್ದೆಯಲ್ಲಿದ್ದಳು.