ಕಾಗಿಣಾಕ್ಕೆ ಅಡ್ಡ ಹಾಕಿದ ತಂತಿ

ನಮ್ಮದು ಸೇಡಂ ತಾಲೂಕಿನಲ್ಲಿ ಕಾಗಿಣಾ ಹೊಳೆಯ ದಂಡೆಯ ಊರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ಸೊಸೆಯಾಗಿ ಹೋದ ಮನೆಯಲ್ಲಿ ಎರಡು ಹರಗೋಲುಗಳಿದ್ದವು. ಒಂದು ನನ್ನ ಗಂಡನದು, ಇನ್ನೊಂದು ಅವನ ಅಣ್ಣನದು. ಭಾವ ದಮ್ಮಿನ ರೋಗಿ. ಹಾಗಾಗಿ ಅವನ ಹರಗೋಲನ್ನು ಅವನ ಹೆಂಡತಿ, ನನ್ನ ನೆಗೆಣ್ಣಿಯೇ ನಡೆಸುತ್ತಿದ್ದಳು.

ಹುಟ್ಟು ಹಾಕಲು ನನಗೂ ಬರುತ್ತಿತ್ತು. ನನ್ನ ತವರೂ ಹೊಳೆದಂಡೆಯೇ. ಆದರೆ ಆಕೆ ಸೀರೆಯ ಕಚ್ಚೆ ಕಟ್ಟಿ ನಿಂತಳೆಂದರೆ ಹೊಳೆಗೆ ಬೇರೆ ಯಾರೂ ಇಲ್ಲವೇನೋ ಅನ್ನಿಸುತ್ತಿತ್ತು. ಹೊಳೆಯ ಮೇಲ್ಗಡೆಯ ಊರಿನ ಸಂತೆಗೆ ನೀರಿನ ದಾರಿಯಲ್ಲೇ ಹೋಗುವವರು ನಮ್ಮ ಹರಗೋಲು ಖಾಲಿ ಇದ್ದರೂ ಆಕೆಗಾಗಿ ಕಾಯುತ್ತಿದ್ದರು. "ಆಕಿ ಬರ್ಲಿ ಬಿಡ್ರಿ" ಅನ್ನುವ ಮಾತು ಕೇಳಿದಾಗಲೆಲ್ಲ ನಾನು ಹುಟ್ಟನ್ನು ಹರಗೋಲಿನೊಳಗೆ ಬಿಸಾಕುತ್ತಿದ್ದೆ. ಆಕೆಯ ಕೈಬಳೆಯ ಸದ್ದು ಕೂಡ ನನಗೆ ಆಗುತ್ತಿರಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿದು ಹೊಳೆ ಇಳಿದಾಗ, ಊರ ಗೌಡ ನೀರಿಗೆ ಅಡ್ಡವಾಗಿ ಬೇಲಿ ಹಾಕಿಸಿದ. ಶಹಾಬಾದಿನ ಉದ್ದನೆಯ ಫರಸಿ ಕಲ್ಲುಗಳನ್ನು ಹೊಳೆಯೊಳಗೆ ಕಂಬದಂತೆ ನಿಲ್ಲಿಸಿ ಮುಳ್ಳುತಂತಿ ಬಿಗಿಸಿದ್ದ. ಎರಡೂ ದಂಡೆಯ ಮೇಲೆ ಅವನದೇ ಕಬ್ಬು. ಕೇಳಲು ಹೋದ ನನ್ನ ಗಂಡನಿಗೆ, "ಈ ದಂಡಿ ನಂದು, ಆ ದಂಡಿ ನಂದು. ನಡುವಿನ ನೀರು ಯಾರ್ದು ಹಂಗಾರ?" ಅಂದನಂತೆ. ಸಂತೆಯ ದಾರಿ ಅಲ್ಲಿಗೆ ನಿಂತಿತು.

ನಿಂತದ್ದು ನಮಗೆ ಮಾತ್ರ. ಗೌಡನ ಸೊಸೆಯನ್ನು ಹೆರಿಗೆ ನೋವಿನಲ್ಲಿ ಹೊಳೆ ದಾಟಿಸಿದವಳು ನನ್ನ ನೆಗೆಣ್ಣಿ. ಆ ಋಣಕ್ಕೆ ಗೌಡ ಬೇಲಿಯಲ್ಲಿ ಒಂದು ಕಡೆ ತಂತಿ ಬಿಚ್ಚಿ ಕಟ್ಟುವ ಹಾಗೆ ಮಾಡಿಸಿ, ಆಕೆಯೊಬ್ಬಳಿಗೇ ಹೋಗಲು ಬಿಟ್ಟ. ಅಲ್ಲಿಯವರೆಗೆ ನಮ್ಮ ಹರಗೋಲಿನಲ್ಲೇ ಕೂರುತ್ತಿದ್ದ ಬಳೆಗಾರ ಮುದುಕನೂ ತನ್ನ ಗಂಟನ್ನು ಆಕೆಯ ಹರಗೋಲಿಗೆ ಇಟ್ಟ. "ನಾ ಏನ್ ಮಾಡ್ಲಿ ಬೇಟಿ, ದಾರಿ ಆಕಿಗಷ್ಟೇ ಅದ" ಅಂದ. ನಮ್ಮ ಹರಗೋಲು ದಂಡೆಯ ಮೇಲೆ ಬೋರಲಾಗಿ ಒಣಗಿತು. ಆಕೆ ಸಂತೆಯಿಂದ ನನ್ನ ಮಕ್ಕಳಿಗೆ ಬೆಂಡು ಬತಾಸು ತಂದುಕೊಟ್ಟರೆ ಅದೂ ನನಗೆ ಉರಿಯೇ.

ಚಳಿಗಾಲದಲ್ಲಿ ತಹಶೀಲ್ದಾರರು ಜೀಪಿನಲ್ಲಿ ಊರಿಗೆ ಬಂದರು. ಚಾವಡಿಯ ಮುಂದೆ ಗಂಡಸರೆಲ್ಲ ಕೈಕಟ್ಟಿ ನಿಂತಿದ್ದರು, ನನ್ನ ಗಂಡನೂ. ನಾನು ಸೆರಗು ಹೊದ್ದು ಮುಂದೆ ಹೋದೆ.

"ಸಾಹೇಬ್ರೆ, ಹೊಳಿಗಿ ಬ್ಯಾಲಿ ಹಾಕ್ಯಾರ್ರಿ. ನಾವು ಹ್ಯಾಂಗ ಬದಕಬೇಕ್ರಿ?"

ಗೌಡ ನಕ್ಕ. "ದಾರಿ ಬಂದ್ ಮಾಡಿಲ್ರಿ ಸಾಹೇಬ್ರೆ. ಈಕಿ ನೆಗೆಣ್ಣಿನೇ ದಿನಾ ಹೋಗಾಕತ್ತಾಳ. ಕೇಳ್ರಿ ಬೇಕಾದ್ರ."

ಆಕೆಯನ್ನು ಕರೆಸಿದರು. ಬಂದವಳ ಮುಖ ನೋಡಿದ ಕೂಡಲೇ ನನ್ನ ಕೆಲಸ ಕೆಟ್ಟಿತು ಅಂದುಕೊಂಡೆ. ಇಂಥ ದಾರಿಯನ್ನು ಯಾರು ಬಿಟ್ಟುಕೊಡುತ್ತಾರೆ? ಅವಳ ಜಾಗದಲ್ಲಿದ್ದರೆ ನಾನು ಬಿಡುತ್ತಿದ್ದೆನೋ ಇಲ್ಲವೋ.

ತಹಶೀಲ್ದಾರರು ಕೇಳಿದಾಗ ಆಕೆ ಗೌಡನತ್ತ ತಿರುಗಿ ಕೈಮುಗಿದಳು. "ಖರೇ ಅದರಿ, ಗೌಡ್ರು ನಂಗ ಬಿಟ್ಟಾರ. ಆದ್ರ ನಮ್ಮತ್ತಿ ಹುಟ್ಟು ಹಾಕುವಾಗ ಯಾರ್ನೂ ಕೇಳ್ತಿದ್ದಿಲ್ರಿ. ಇವತ್ತ ನನಗ ಬಿಟ್ಟವ್ರು ನಾಳಿಗಿ ಬ್ಯಾಡ ಅಂದ್ರ? ಹೊಳಿ ಎಲ್ಲಾರ್ದರಿ."

ಬಳೆಗಾರ ಮುದುಕ "ಶಾಬಾಶ್" ಅಂದ. ತಹಶೀಲ್ದಾರರು ಎದ್ದು ಹೊಳೆಯವರೆಗೆ ನಡೆದು ಬಂದು ನೋಡಿದರು. ದಂಡೆ ನಿಮ್ಮದಿರಬಹುದು, ಹರಿಯುವ ನೀರು ಸರ್ಕಾರದ್ದು, ಹೋಗಿಬರುವ ದಾರಿ ಜನರದ್ದು ಎಂದು ಗೌಡನಿಗೆ ಹೇಳಿ ಅಲ್ಲೇ ತಂತಿ ಕೊಯ್ಯಿಸಿದರು.

ಗೌಡ ಆಮೇಲೆ ಆಕೆಯೊಂದಿಗೆ ಮಾತು ಬಿಟ್ಟ; ಅವನ ಮನೆಯಿಂದ ಭಾವನಿಗೆ ಬರುತ್ತಿದ್ದ ಹಾಲೂ ನಿಂತಿತು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಊರಲ್ಲೆಲ್ಲ "ಆಕಿ ಹೊಳಿ ಬಿಡಿಸಿದ್ಳು" ಅಂದಾಗ ನನಗೆ ಸೈರಿಸಲಾಗಲಿಲ್ಲ. ಚಾವಡಿಯ ಮುಂದೆ ಮೊದಲು ಬಾಯಿ ತೆರೆದವಳು ನಾನು. ಅದನ್ನು ಯಾರೂ ಅನ್ನಲಿಲ್ಲ, ನನ್ನ ಗಂಡನೂ ಅನ್ನಲಿಲ್ಲ.

ಮುಂದಿನ ಸಂತೆಯ ದಿನ ಎರಡೂ ಹರಗೋಲುಗಳು ನೀರಿಗಿಳಿದವು. ಆಕೆಯದರಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹುಟ್ಟು ಹಿಡಿದ ನಮ್ಮದರಲ್ಲಿ ಮೂವರು. ಕಂಬಗಳ ಹತ್ತಿರ ಬಂದಾಗ ಆಕೆ ಹುಟ್ಟನ್ನು ನೀರಿನಲ್ಲಿ ಒತ್ತಿ ಹಿಡಿದು ನಿಲ್ಲಿಸಿದಳು.

"ನೀ ಮುಂದ ನಡಿ ತಂಗಿ. ಮೊದ್ಲ ಬಾಯಿ ಬಿಟ್ಟಾಕಿ ನೀನು."

ಎರಡೂ ಹರಗೋಲಿನ ಜನರೆಲ್ಲ ಮೊದಲ ಸಲ ನನ್ನತ್ತ ನೋಡಿದರು. ನನಗೆ ಖುಷಿಯಾಗಬೇಕಿತ್ತು. ಅದನ್ನು ಹೇಳುವ ದೊಡ್ಡತನವೂ ಆಕೆಗೇ ಸಿಕ್ಕಿತಲ್ಲ ಎಂದು ಸಂಕಟವಾಯಿತು. "ಹೂಂ ಯಕ್ಕಾ" ಎಂದಷ್ಟೇ ಅಂದು, ಕಂಬಗಳ ನಡುವೆ ಬಲವಾಗಿ ಹುಟ್ಟು ಹಾಕುತ್ತ ಮುಂದೆ ಹೋದೆ.